ಹಾಡು ಅದೇ, ಕುಣಿತ ಬೇರೆ: ಹಾಕ್‌ವಿಂಡ್ ತಂಡದ ಹಳೆಯ ಹಾಡುಗಳ ಹೊಸ ಅವತಾರ

1977ರಲ್ಲಿ ಇಂಗ್ಲೆಂಡಿನ ಹಾಕ್‌ವಿಂಡ್ ಎಂಬ ರಾಕ್ ತಂಡ ‘ಸ್ಪಿರಿಟ್ ಆಫ್ ದಿ ಏಜ್’ ಎಂಬ ಹಾಡನ್ನು ಹೊರತಂದಿತು. ಹಾಡಿನ ಮೊದಲ ಭಾಗದಲ್ಲಿ ಒಬ್ಬ ಅಂತರಿಕ್ಷಯಾತ್ರಿ ಮಾತಾಡುತ್ತಾನೆ. ಅವನ ದೇಹವನ್ನು ಮಂಜುಗಟ್ಟಿಸಿ ದೂರದ ಪಯಣಕ್ಕೆ ಕಳಿಸಿದ್ದಾರೆ. ಪ್ರೇಯಸಿಯನ್ನೂ ಹೀಗೆಯೇ ಮಂಜುಗಟ್ಟಿಸಿ, ತಾನು ಭೂಮಿಗೆ ಮರಳುವವರೆಗೆ ಆಕೆ ಕಾಯುವಂತಾಗಲಿ ಎಂಬ ಆಸೆಯಿತ್ತು, ಆದರೆ ಆಕೆಯ ತಂದೆ ಅರ್ಜಿಗೆ ಸಹಿ ಹಾಕಲಿಲ್ಲ! ಎರಡನೆಯ ಭಾಗದಲ್ಲಿ ಮಾತಾಡುವವನು ಒಬ್ಬ ತದ್ರೂಪಿ. ಒಂದೇ ಮೂಲದಿಂದ ತಯಾರಾದ ಅನೇಕ ಪ್ರತಿಗಳಲ್ಲಿ ತಾನೂ ಒಂದು, ಹಾಗಾದರೆ ‘ನಾನು’ ಎನ್ನುವುದು ಯಾವುದು ಎಂಬುದು ಅವನ ಅಳಲು. ಡಾಲಿ ಎಂಬ ಕುರಿಮರಿ ಹುಟ್ಟುವುದಕ್ಕೆ 19 ವರ್ಷ ಮೊದಲೇ ಬರೆದ ಹಾಡಿದು. ಬರೆದವರು ತಂಡದ ಕವಿ-ಗಾಯಕ ರಾಬರ್ಟ್ ಕ್ಯಾಲ್ವರ್ಟ್.

1993ರಲ್ಲಿ ಈ ತದ್ರೂಪಿಯ ಹಾಡಿಗೇ ತದ್ರೂಪುಗಳು ಹುಟ್ಟಿದವು. ಡಿಸ್ಕೊಗಳಲ್ಲಿ, ಬಯಲಿನ ರಾತ್ರಿ ಕೂಟಗಳಲ್ಲಿ ಕುಣಿಯಲು ಒದಗುವಂತೆ ಹಾಡನ್ನು ವಿದ್ಯುನ್ಮಾನ ಯಂತ್ರಗಳಿಂದ ಮರುರೂಪಿಸಿ, ಹಲವು ಆವೃತ್ತಿಗಳಲ್ಲಿ ಹೊರತಂದರು. ಆ ಹೊತ್ತಿಗೆ ಕ್ಯಾಲ್ವರ್ಟ್ ಬದುಕಿರಲಿಲ್ಲ. 1988ರಲ್ಲಿ, 43ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡಿದ್ದರು. ಅವರನ್ನು ಕೇಳಿ ಮಾಡುವ ಅವಕಾಶವಂತೂ ಇರಲಿಲ್ಲ.

ಹಳೆಯ ಹಾಡಿಗೆ ಹೊಸ ತಾಳ ಕಟ್ಟಿದರೆ ಹಾಡು ಉಳಿಯುತ್ತದೆಯೇ, ಅಳಿಯುತ್ತದೆಯೇ? ಚಿತ್ರಗೀತೆಗಳ ರೀಮಿಕ್ಸ್ ಕೇಳಿ ಮುಖ ಸಿಂಡರಿಸಿದ ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಹಾಕ್‌ವಿಂಡ್ ಪ್ರಕರಣದಲ್ಲಿ ಮಾತ್ರ ಒಂದು ವಿಶೇಷವಿದೆ. ಇಲ್ಲಿ ಹೊರಗಿನ ಯಾರೋ ಬಂದು ಹಳೆಯ ಹಾಡಿಗೆ ಕೈ ಹಾಕಲಿಲ್ಲ. ತಂಡವೇ ಮುಂದೆ ನಿಂತು ಮಾಡಿಸಿತು, ಕೆಲವನ್ನು ತಾನೇ ಮಾಡಿತು. ಇದು ಹೇಗಾಯಿತು ಎಂದು ತಿಳಿಯಲು ತಂಡದ ಹುಟ್ಟಿನತ್ತ ಸ್ವಲ್ಪ ಹಿಂದೆ ಹೋಗಬೇಕು.

ಹಾಕ್‌ವಿಂಡ್ ಶುರುವಾದದ್ದು 1969ರಲ್ಲಿ, ಲಂಡನ್ನಿನ ನಾಟಿಂಗ್ ಹಿಲ್ ಮತ್ತು ಲ್ಯಾಡ್‌ಬ್ರೋಕ್ ಗ್ರೋವ್ ಬಡಾವಣೆಗಳಲ್ಲಿ. ಈಗ ಅಲ್ಲಿ ಶ್ರೀಮಂತರ ಮನೆಗಳಿವೆ. ಆಗ ಅದು ಅಗ್ಗದ ಬಾಡಿಗೆಯ ಕೋಣೆಗಳ ಜಾಗ. ಚಿತ್ರಕಾರರು, ಪತ್ರಿಕೆ ಹೊರಡಿಸುವವರು, ಏನೂ ಮಾಡದವರು ಎಲ್ಲರೂ ಅಲ್ಲಿ ಒಟ್ಟಿಗಿದ್ದರು. ತಂಡದ ಮುಖ್ಯಸ್ಥ ಡೇವ್ ಬ್ರಾಕ್ ಬೀದಿಯಲ್ಲಿ ಗಿಟಾರ್ ನುಡಿಸಿ ಕಾಸು ಸಂಪಾದಿಸುತ್ತಿದ್ದವರು. ಅವರು ಕಟ್ಟಿದ ಸಂಗೀತವನ್ನು ಸೈಕೆಡೆಲಿಕ್ ರಾಕ್ ಎಂದು ಕರೆಯುತ್ತಾರೆ. ಎಲ್‌ಎಸ್‌ಡಿಯಂಥ ಭ್ರಮಾಜನಕ ಮಾದಕ ವಸ್ತುಗಳ ಅನುಭವವನ್ನು ನಾದದಲ್ಲಿ ಹಿಡಿಯಲು 1960ರ ದಶಕದಲ್ಲಿ ನಡೆದ ಪ್ರಯತ್ನದಿಂದ ಬಂದ ಹೆಸರದು. ಆ ವಸ್ತುಗಳು ಹಲವರ ಬದುಕನ್ನು ಹಾಳು ಮಾಡಿದವು ಎಂಬುದೂ ಅಷ್ಟೇ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ.

ಆ ಕಾಲದ ಇತರ ರಾಕ್ ತಂಡಗಳಿಗೂ ಇವರಿಗೂ ಇದ್ದ ವ್ಯತ್ಯಾಸವೇ ನಮ್ಮ ವಿಷಯದ ಕೀಲಿಕೈ. ಬೇರೆ ತಂಡಗಳಲ್ಲಿ ಗಿಟಾರ್ ವಾದಕ ಮುಂದೆ ಬಂದು ತನ್ನ ಕೈಚಳಕ ತೋರಿಸುತ್ತಿದ್ದ. ಹಾಕ್‌ವಿಂಡ್ ಹಾಡಿನಲ್ಲಿ ಒಂದೋ ಎರಡೋ ಸ್ವರಗುಚ್ಛಗಳ ಮೇಲೆ ಇಡೀ ತಂಡ ಹತ್ತು-ಹದಿನೈದು ನಿಮಿಷ ನಿಂತುಬಿಡುತ್ತಿತ್ತು. ಡ್ರಮ್ಸ್ ಒಂದೇ ಓಟದಲ್ಲಿ ಓಡುತ್ತದೆ, ಬಾಸ್ ಗಿಟಾರ್ ಅದಕ್ಕೆ ಅಂಟಿಕೊಂಡಿರುತ್ತದೆ. ಹಿಂದೆ ತಂಬೂರಿಯ ಶ್ರುತಿಯಂತೆ ಒಂದು ನಾದ ನಿಲ್ಲದೆ ಮೊಳಗುತ್ತದೆ. ಆದರೆ ತಂಬೂರಿಯ ಸೌಮ್ಯ ಗುಣ ಅದಕ್ಕಿಲ್ಲ, ವಿಮಾನದ ಇಂಜಿನ್ನಿನ ಪಕ್ಕ ನಿಂತಂತೆ ಇರುತ್ತದೆ. 1971ರ ‘ಯೂ ಶುಡ್‌ನ್ಟ್ ಡು ದಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ಕಾಲು ಗಂಟೆ, ಬದಲಾವಣೆ ಅತ್ಯಲ್ಪ.

ಇದರ ಮೇಲೆ ಯಂತ್ರದ ಸದ್ದುಗಳು. ಡಿಕ್ ಮಿಕ್ ಎಂದು ಕರೆಯಲ್ಪಡುತ್ತಿದ್ದ ಸದಸ್ಯರು ಧ್ವನಿ ಆಂದೋಲಕವನ್ನು ವೇದಿಕೆಗೆ ತಂದರು. ಸಂಗೀತಕ್ಕೆಂದು ಮಾಡಿದ ವಾದ್ಯವೇ ಅಲ್ಲ ಅದು. ಡೆಲ್ ಡೆಟ್‌ಮಾರ್ ಬಳಿ ವಿಸಿಎಸ್ 3 ಎಂಬ, ಆಗಷ್ಟೇ ಬಂದಿದ್ದ ಇಂಗ್ಲಿಷ್ ಸಿಂಥಸೈಜರ್ ಇತ್ತು. ಇವರಿಬ್ಬರೂ ರಾಗ ನುಡಿಸುತ್ತಿರಲಿಲ್ಲ. ಗುಂಡಿ ತಿರುಗಿಸಿ ಸುಂಯ್‌ಗುಡಿಸುತ್ತಿದ್ದರು, ಶಿಳ್ಳೆ ಹಾಕಿಸುತ್ತಿದ್ದರು. ಜೊತೆಗೆ ಸ್ಟೇಸಿಯಾ ಎಂಬ ನರ್ತಕಿ, ಗೋಡೆಯ ತುಂಬ ಕರಗಿ ಹರಿಯುವ ಬಣ್ಣದ ಬೆಳಕು.

1972ರಲ್ಲಿ ಈ ಗುಂಪು, ತಾನೇ ನಿರೀಕ್ಷಿಸದಂತೆ, ಜನಪ್ರಿಯವಾಯಿತು. ‘ಸಿಲ್ವರ್ ಮೆಷಿನ್’ ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿತು. ಎಲ್ಲರೂ ಅದನ್ನು ಅಂತರಿಕ್ಷ ನೌಕೆಯ ಹಾಡು ಎಂದುಕೊಂಡರು. ಅದು ತನ್ನ ಬೆಳ್ಳಿಬಣ್ಣದ ಸೈಕಲ್ಲಿನ ಬಗ್ಗೆ ಬರೆದದ್ದು ಎಂದು ಕ್ಯಾಲ್ವರ್ಟ್ ಹೇಳಿಕೊಂಡರು. ಗೋಷ್ಠಿಯೊಂದರಲ್ಲಿ ಧ್ವನಿಮುದ್ರಿಸಿದ ಹಾಡಿನ ಮೇಲೆ ಬಾಸ್ ವಾದಕ ಲೆಮ್ಮಿ ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿ ಸೇರಿಸಿದ್ದರು. ಅಂದರೆ, ಇದ್ದ ಮುದ್ರಣದ ಒಂದು ಪದರ ಅಳಿಸಿ ಇನ್ನೊಂದು ಕೂಡಿಸುವುದು ಈ ತಂಡಕ್ಕೆ ಆಗಲೇ ಗೊತ್ತಿದ್ದ ಕೆಲಸ. ‘ಮೂಲ’ ಎಂದು ನಾವು ಭಕ್ತಿಯಿಂದ ಕರೆಯುವುದರಲ್ಲೂ ಇಂಥ ಹೊಲಿಗೆಗಳಿರುತ್ತವೆ ಎಂಬುದನ್ನು ನೆನಪಿಡುವುದು ಒಳ್ಳೆಯದು.

ತಂಡದ ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ದುಡ್ಡು ತೆಗೆದುಕೊಳ್ಳದೆ ನುಡಿಸುವುದು. 1970ರ ಐಲ್ ಆಫ್ ವೈಟ್ ಉತ್ಸವದಲ್ಲಿ ಟಿಕೆಟ್ ಪಡೆದವರು ಒಳಗಿದ್ದರೆ, ಹಾಕ್‌ವಿಂಡ್ ಬೇಲಿಯ ಹೊರಗೆ ಪುಕ್ಕಟೆಯಾಗಿ ನುಡಿಸಿತು. ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುವೃತ್ತದ ಬಳಿ 1974ರಿಂದ 1984ರವರೆಗೆ, ಜೂನ್ ತಿಂಗಳ ಅತಿ ದೀರ್ಘ ಹಗಲಿನ ಹೊತ್ತಿಗೆ, ಉಚಿತ ಉತ್ಸವವೊಂದು ನಡೆಯುತ್ತಿತ್ತು. ಅಲ್ಲಿಗೆ ಇವರು ಮನೆಯವರಂತೆ. 1985ರ ಜೂನ್ 1ರಂದು ಉತ್ಸವಕ್ಕೆ ಹೊರಟಿದ್ದ ವಾಹನಗಳ ಸಾಲನ್ನು ಪೊಲೀಸರು ತಡೆದು, ಹೊಡೆದು, ನೂರಾರು ಜನರನ್ನು ಬಂಧಿಸಿದರು. ಸ್ಟೋನ್‌ಹೆಂಜ್ ಉತ್ಸವ ಅಲ್ಲಿಗೆ ಮುಗಿಯಿತು. ಆದರೆ ಬಸ್ಸು-ಲಾರಿಗಳಲ್ಲೇ ವಾಸಿಸುತ್ತ ಬಯಲಿಂದ ಬಯಲಿಗೆ ಹೋಗುವ ಜನ ಮುಗಿಯಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಇವರಿಗೆ ಬೇರೊಂದು ಗುಂಪು ಎದುರಾಯಿತು. ಅಮೆರಿಕದ ಶಿಕಾಗೊ, ಡೆಟ್ರಾಯಿಟ್ ನಗರಗಳಿಂದ ಬಂದ ಹೌಸ್, ಟೆಕ್ನೋ ಎಂಬ ಯಂತ್ರಸಂಗೀತಕ್ಕೆ ಮರುಳಾದ ನಗರದ ಹುಡುಗ-ಹುಡುಗಿಯರು. ಖಾಲಿ ಗೋದಾಮುಗಳಲ್ಲಿ, ಹೊಲಗಳಲ್ಲಿ, ರಾತ್ರಿಯಿಡೀ ಕುಣಿಯುವ ‘ರೇವ್’ ಕೂಟಗಳು ಅವರವು. ಅಲ್ಲಿಯೂ ಮಾದಕ ವಸ್ತುಗಳ ಹಾವಳಿ ಇತ್ತು, ಹೆಸರು ಮಾತ್ರ ಬೇರೆ. ಹಳೆಯ ಹಿಪ್ಪಿಗಳ ಬಳಿ ಬಯಲುಗಳ ಪರಿಚಯ, ವಾಹನ, ಜನರೇಟರ್ ಇದ್ದವು. ಹೊಸ ಹುಡುಗರ ಬಳಿ ಸಂಗೀತ ಮತ್ತು ದೊಡ್ಡ ಧ್ವನಿವರ್ಧಕಗಳಿದ್ದವು. 1992ರ ಮೇ ಕೊನೆಯ ವಾರ ವೂಸ್ಟರ್‌ಶೈರಿನ ಕ್ಯಾಸಲ್‌ಮಾರ್ಟನ್ ಎಂಬ ಹಳ್ಳಿಯ ಸಾರ್ವಜನಿಕ ಬಯಲಿನಲ್ಲಿ ಇವರಿಬ್ಬರೂ ಕೂಡಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಒಂದು ವಾರ ಸದ್ದು ನಿಲ್ಲಲಿಲ್ಲ. ಊರಿನವರ ನಿದ್ದೆ, ಕುರಿಗಾಹಿಗಳ ಪಾಡು ಏನಾಗಿರಬೇಕು, ಯೋಚಿಸಿ! ಸಿಟ್ಟು ಸಂಸತ್ತಿಗೆ ತಲುಪಿತು.

ಇತ್ತ ಹಾಕ್‌ವಿಂಡ್ ತಂಡದಲ್ಲಿ ಆಗ ಉಳಿದಿದ್ದವರು ಮೂವರೇ. ಬ್ರಾಕ್, ಬಾಸ್ ವಾದಕ ಆಲನ್ ಡೇವಿ, ಡ್ರಮ್ಸ್ ವಾದಕ ರಿಚರ್ಡ್ ಚಾಡ್‌ವಿಕ್. ಏಳೆಂಟು ಜನರಿಂದ ತುಂಬುತ್ತಿದ್ದ ಸದ್ದನ್ನು ಮೂವರು ತುಂಬುವುದು ಹೇಗೆ? ಯಂತ್ರಗಳೇ ಗತಿ. ಬೇರೆ ಬೇರೆ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಸಂಕೇತ ಕಳಿಸಿಕೊಳ್ಳುವ ‘ಮಿಡಿ’ ವ್ಯವಸ್ಥೆ 1983ರಿಂದ ಬಳಕೆಗೆ ಬಂದಿತ್ತು. ಒಮ್ಮೆ ನುಡಿಸಿದ ಸ್ವರಸಾಲನ್ನು ನೆನಪಿಟ್ಟುಕೊಂಡು ಸಾವಿರ ಸಲ ತಪ್ಪದೆ ನುಡಿಸುವ ಸೀಕ್ವೆನ್ಸರ್ ಅಗ್ಗವಾಗಿತ್ತು. ಡೆವನ್ ಪ್ರಾಂತ್ಯದ ಹೊಲಮನೆಯಲ್ಲಿ ಬ್ರಾಕ್ ಅವರ ಸ್ವಂತ ಸ್ಟುಡಿಯೋ ಇತ್ತು. 1992ರ ‘ಇಲೆಕ್ಟ್ರಿಕ್ ಟೀಪೀ’, 1993ರ ‘ಇಟ್ ಈಸ್ ದಿ ಬಿಸಿನೆಸ್ ಆಫ್ ದಿ ಫ್ಯೂಚರ್ ಟು ಬಿ ಡೇಂಜರಸ್’ ಎರಡರಲ್ಲೂ ಈ ಯಂತ್ರಗಳ ಕೈ ಕಾಣುತ್ತದೆ. ಹೊಸ ಫ್ಯಾಷನ್ನಿನ ಬೆನ್ನು ಹತ್ತಿದರು ಎಂದು ಹಳೆಯ ಅಭಿಮಾನಿಗಳು ಗೊಣಗಿದರು. ನನಗೆ ಹಾಗೆನಿಸುವುದಿಲ್ಲ. ಜನ ಕಡಿಮೆಯಾದ ಮನೆಯಲ್ಲಿ ಕೆಲಸಕ್ಕೆ ಮಿಕ್ಸಿ, ಗ್ರೈಂಡರ್ ಬಂದಂತೆ ಅವು ಬಂದವು.

ಹಾಗಾದರೆ ಹಳೆಯ ರಾಕ್ ಹಾಡನ್ನು ಕುಣಿತದ ಹಾಡಾಗಿ ಮಾಡುವುದು ಹೇಗೆ? ಕೇಳಲು ಸುಲಭ, ಮಾಡಲು ಸಾಕಷ್ಟು ಕಷ್ಟ.

ಮೊದಲ ತೊಡಕು ಕಾಲಪ್ರಮಾಣದ್ದು. ಎಂಥ ನಿಪುಣ ಡ್ರಮ್ಸ್ ವಾದಕನೂ ಹಾಡಿನ ಉದ್ದಕ್ಕೂ ಒಂದೇ ವೇಗದಲ್ಲಿ ಇರುವುದಿಲ್ಲ. ಹುರುಪು ಬಂದ ಕಡೆ ಓಡುತ್ತಾನೆ, ದಣಿದ ಕಡೆ ಎಳೆಯುತ್ತಾನೆ. ಕೇಳುವವರಿಗೆ ಅದು ಗೊತ್ತಾಗದು, ಗೊತ್ತಾದರೂ ಹಿತವೇ. ಕುಣಿತದ ಸಂಗೀತಕ್ಕೆ ಇದು ಸಲ್ಲದು. ಅಲ್ಲಿ ನಿಮಿಷಕ್ಕೆ 120ರಿಂದ 150ರವರೆಗೆ ಒಂದು ನಿಗದಿಯಾದ ಸಂಖ್ಯೆಯ ಹೊಡೆತ, ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮಿನ ಒಂದು ಗುದ್ದು. ರೆಕಾರ್ಡು ಹಾಕುವಾತ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ತಾಳಕ್ಕೆ ಸೇರಿಸಬೇಕು, ನಡುವೆ ಕಾಲು ತಡವರಿಸಬಾರದು. ಆದ್ದರಿಂದ ಯಂತ್ರದ ತಾಳದ ಮೇಲೆ 1977ರ ಮುದ್ರಣವನ್ನು ಹಾಗೆಯೇ ಇಟ್ಟರೆ ಅರ್ಧ ನಿಮಿಷದಲ್ಲಿ ಎರಡೂ ಎರಡು ದಾರಿ ಹಿಡಿಯುತ್ತವೆ.

ಟೇಪಿನ ವೇಗ ಹೆಚ್ಚಿಸಿ ಸರಿಮಾಡೋಣ ಎಂದರೆ ಇನ್ನೊಂದು ತೊಂದರೆ. 33ರ ರೆಕಾರ್ಡನ್ನು 45ರಲ್ಲಿ ಹಾಕಿ ನಕ್ಕವರಿಗೆ ಇದು ಗೊತ್ತು. ವೇಗದ ಜೊತೆಗೆ ಶ್ರುತಿಯೂ ಏರಿ, ಗಂಭೀರ ಗಾಯಕ ಇಲಿಮರಿಯಾಗುತ್ತಾನೆ. ಇಲ್ಲಿ ನೆರವಿಗೆ ಬಂದದ್ದು ಸ್ಯಾಂಪ್ಲರ್. ಎಂಬತ್ತರ ದಶಕದ ಕೊನೆಗೆ ಬಂದ ಅಕಾಯ್ ಕಂಪನಿಯ ಯಂತ್ರಗಳಲ್ಲಿ ಒಂದು ಸಾಲು ಹಾಡನ್ನೋ ಒಂದು ಗಿಟಾರ್ ತುಣುಕನ್ನೋ ಅಂಕೆಗಳಾಗಿ ಹಿಡಿದಿಟ್ಟು, ಶ್ರುತಿ ಕೆಡದಂತೆ ಹಿಗ್ಗಿಸಬಹುದಿತ್ತು, ಕುಗ್ಗಿಸಬಹುದಿತ್ತು. ನಾದ ಸ್ವಲ್ಪ ಒಡಕಾಗುತ್ತಿತ್ತು. ಆ ಒಡಕೇ ಮುಂದೆ ಒಂದು ರುಚಿಯಾಯಿತು. ಹೀಗೆ ಹಳೆಯ ಹಾಡನ್ನು ತರಕಾರಿಯಂತೆ ಹೆಚ್ಚಿ, ತುಣುಕುಗಳನ್ನು ಹೊಸ ತಾಳದ ಮೇಲೆ ಒಂದೊಂದಾಗಿ ಜೋಡಿಸುತ್ತಾರೆ. ಬಾಸ್ ಗಿಟಾರಿನ ಜಾಗಕ್ಕೆ ಯಂತ್ರದ ಬಾಸ್ ಬರುತ್ತದೆ. ಆರಂಭಕ್ಕೂ ಕೊನೆಗೂ ಬರೀ ತಾಳದ ಒಂದೆರಡು ನಿಮಿಷ ಸೇರುತ್ತದೆ.

ಬಾಸ್ ಯಂತ್ರದ ಮಾತು ಬಂತು, ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ರೋಲೆಂಡ್ ಎಂಬ ಜಪಾನಿ ಕಂಪನಿ ಒಂಟಿ ಗಿಟಾರ್ ವಾದಕರಿಗೆ ಜೊತೆ ನೀಡಲೆಂದು ಎಂಬತ್ತರ ದಶಕದ ಆರಂಭದಲ್ಲಿ ಟಿಬಿ 303 ಎಂಬ ಪುಟ್ಟ ಪೆಟ್ಟಿಗೆ ತಂದಿತು. ಅದರ ದನಿ ಬಾಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. ಯಾರೂ ಕೊಳ್ಳಲಿಲ್ಲ, ತಯಾರಿಕೆ ನಿಂತಿತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಅದೇ ಪೆಟ್ಟಿಗೆಯ ಗುಂಡಿಗಳನ್ನು ಶಿಕಾಗೊ ಹುಡುಗರು ಮನಬಂದಂತೆ ತಿರುಗಿಸಿದಾಗ ಹುಟ್ಟಿದ ಕಿರುಚುವ, ಗುಳುಗುಳಿಸುವ ಸದ್ದೇ 1987ರಿಂದ ‘ಆಸಿಡ್ ಹೌಸ್’ ಎಂದು ಹೆಸರಾಯಿತು. ಹದಿನೈದು ವರ್ಷ ಮೊದಲು ಡಿಕ್ ಮಿಕ್ ಕೂಡ ಇದೇ ಬಗೆಯ ಕೆಲಸ ಮಾಡುತ್ತಿದ್ದರಲ್ಲವೇ?

ನನ್ನ ವಾದ ಇಷ್ಟೇ. ಸ್ಥಾಯಿ, ಅಂತರಾ, ಏರಿಳಿತದ ರಾಗವಿರುವ ಹಾಡನ್ನು ಕುಣಿತದ ತಾಳಕ್ಕೆ ಕೂರಿಸಿದರೆ ಹಾಡಿನ ಮೂಳೆ ಮುರಿಯುತ್ತದೆ. ಹಾಕ್‌ವಿಂಡ್ ಹಾಡಿಗೆ ಮೂಳೆಯೇ ನಿಲ್ಲದ ಓಟ, ನಿಲ್ಲದ ಶ್ರುತಿ, ಯಂತ್ರದ ಸುಂಯ್‌ಗಾಟ. ಕುಣಿತದ ಸಂಗೀತದ ಮೂಳೆಯೂ ಅದೇ. ಹಾಗಾಗಿ ಇಲ್ಲಿ ನಡೆದದ್ದು ಬೇರೆ ಜಾತಿಯ ಕಸಿಯಲ್ಲ, ಒಂದೇ ಗಿಡದ ಕೊಂಬೆ.

1993ರ ‘ಸ್ಪಿರಿಟ್ ಆಫ್ ದಿ ಏಜ್’ ಆವೃತ್ತಿಗಳನ್ನು ಮಾಡಿದವರು ಆಸ್ಟ್ರಲೇಶಿಯಾ ಎಂಬ ಗುಂಪು. ಅವರೇ ಮೊದಲು ಮ್ಯಾಜಿಕ್ ಮಶ್ರೂಮ್ ಬ್ಯಾಂಡ್ ಎಂಬ ಸೈಕೆಡೆಲಿಕ್ ರಾಕ್ ತಂಡವಾಗಿದ್ದವರು. ಆವೃತ್ತಿಗಳಿಗೆ ಇಟ್ಟ ಹೆಸರಿನಲ್ಲಿ ‘ಸಾಲ್‌ಸ್ಟಿಸ್’ ಎಂಬ ಮಾತಿದೆ, ಅಂದರೆ ಸ್ಟೋನ್‌ಹೆಂಜಿನ ಆ ದೀರ್ಘ ಹಗಲಿನ ದಿನದ ನೆನಪು. 1995ರಲ್ಲಿ ಹಾಕ್‌ವಿಂಡ್ ‘ಸೈಕೆಡೆಲಿಕ್ ವಾರಿಯರ್ಸ್’ ಎಂಬ ಬೇರೆ ಹೆಸರಿನಲ್ಲಿ ‘ವೈಟ್ ಝೋನ್’ ಎಂಬ ಪೂರ್ತಿ ವಿದ್ಯುನ್ಮಾನ ಸಂಗ್ರಹ ತಂದಿತು. 1996ರಲ್ಲಿ ಹಲವು ಕುಣಿತ ಸಂಗೀತಗಾರರಿಗೆ ತನ್ನ ಹಳೆಯ ಹಾಡುಗಳನ್ನು ಒಪ್ಪಿಸಿ ‘ಫ್ಯೂಚರ್ ರೀಕನ್‌ಸ್ಟ್ರಕ್ಷನ್ಸ್’ ಎಂಬ ಇಡೀ ತಟ್ಟೆಯನ್ನೇ ಹೊರಡಿಸಿತು.

ಎಲ್ಲವೂ ಗೆದ್ದಿವೆ ಎನ್ನಲಾರೆ. ಕಳೆದುಕೊಂಡದ್ದೂ ಇದೆ, ಅದು ಮುಖ್ಯವಾಗಿ ಮಾತು. ಕ್ಯಾಲ್ವರ್ಟ್ ಬರೆದದ್ದು ಕಥೆ. ಸಹಿ ಹಾಕದ ಆ ತಂದೆ, ಈ ಹೊತ್ತಿಗೆ ಮುದುಕಿಯಾಗಿರುವ ಪ್ರೇಯಸಿ, ಕೆಟ್ಟುಹೋಗುವ ಯಂತ್ರಗೊಂಬೆ, ಆಮೇಲೆ ತದ್ರೂಪಿ. ಒಂದಾದ ಮೇಲೆ ಒಂದು ಬಂದರೆ ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಸ್ಯಾಂಪ್ಲರಿಗೆ ಕಥೆ ಬೇಡ, ಒಂದು ಸಾಲು ಸಾಕು. ಅದೇ ಸಾಲನ್ನು ಇಪ್ಪತ್ತು ಸಲ ತಿರುಗಿಸಿದರೆ ಅಳಲು ಘೋಷಣೆಯಾಗುತ್ತದೆ. ಪ್ರತಿಯಾಗಿರುವ ದುಃಖವನ್ನು ಹೇಳುವ ಹಾಡಿಗೆ ಸಾವಿರ ಜನ ಒಂದೇ ರೀತಿ ಕೈಯೆತ್ತಿ ಕುಣಿಯುವುದು ವ್ಯಂಗ್ಯವೋ, ಅದರ ಸರಿಯಾದ ಅರ್ಥವೋ, ಕ್ಯಾಲ್ವರ್ಟ್ ಇದ್ದಿದ್ದರೆ ಏನಾದರೂ ಚುಚ್ಚುಮಾತು ಹೇಳುತ್ತಿದ್ದರು. ಹಾಡಿನ ಮಾತನ್ನು ಉದ್ದಕ್ಕೂ ಉಳಿಸಿಕೊಂಡ ಆವೃತ್ತಿಗಳು ಹೆಚ್ಚು ಕಾಲ ಬಾಳುತ್ತವೆ ಎಂದೇ ನನ್ನ ಎಣಿಕೆ.

ಹಣದ ಸಂಗತಿಯನ್ನೂ ಬಿಡುವಂತಿಲ್ಲ. ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ಸಾಹಿತ್ಯ-ಸಂಗೀತದ ಹಕ್ಕು ಬರೆದವರದು. ಬ್ರಿಟನ್ನಿನಲ್ಲಿ ಅದು ಅವರ ಮರಣದ ನಂತರ 70 ವರ್ಷ ಇರುತ್ತದೆ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಮುದ್ರಿಸಿದ ಕಂಪನಿಯದು. ಅದರ ಅವಧಿ ಮೊದಲು 50 ವರ್ಷವಿತ್ತು, 2013ರಲ್ಲಿ 70ಕ್ಕೇರಿತು. ಎಪ್ಪತ್ತರ ದಶಕದಲ್ಲಿ ಸಹಿ ಹಾಕಿದ ತಂಡಗಳಿಗೆ ತಮ್ಮದೇ ಹಳೆಯ ಟೇಪುಗಳ ಮೇಲೆ ಅಧಿಕಾರವಿರುವುದು ಅಪರೂಪ. ಹಾಡನ್ನು ಹೊಸದಾಗಿ ನುಡಿಸಿ ಮುದ್ರಿಸಿದರೆ ಆ ಹೊಸ ಮುದ್ರಣ ಅವರದಾಗುತ್ತದೆ. ಹಳೆಯ ತಂಡಗಳು ಹಳೆಯ ಹಾಡಿಗೆ ಮತ್ತೆ ಮತ್ತೆ ಮರಳುವುದರ ಹಿಂದೆ ಕಲೆಯ ಹಂಬಲದ ಜೊತೆ ಈ ಲೆಕ್ಕವೂ ಇರುತ್ತದೆ. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ.

ಇದೇ ದಾರಿಯಲ್ಲಿ ಬೇರೆಯವರೂ ನಡೆದರು. ಗಾಂಗ್ ಎಂಬ ತಂಡದ ಗಿಟಾರ್ ವಾದಕ ಸ್ಟೀವ್ ಹಿಲೇಜ್ 1979ರಲ್ಲಿ ‘ರೇನ್‌ಬೋ ಡೋಮ್ ಮ್ಯೂಸಿಕ್’ ಎಂಬ ಶಾಂತ ಸಂಗೀತ ಮಾಡಿದ್ದರು. ಹತ್ತು ವರ್ಷದ ನಂತರ ಲಂಡನ್ನಿನ ಹೆವನ್ ಎಂಬ ಕ್ಲಬ್ಬಿಗೆ ಹೋದಾಗ, ಕುಣಿದು ದಣಿದವರು ಕೂರುವ ಕೋಣೆಯಲ್ಲಿ ಅದೇ ಸಂಗೀತ ಕೇಳಿಬರುತ್ತಿತ್ತು. ಹಾಕಿದ್ದವರು ದಿ ಆರ್ಬ್ ಗುಂಪಿನ ಅಲೆಕ್ಸ್ ಪ್ಯಾಟರ್ಸನ್. ಪರಿಚಯ ಬೆಳೆಯಿತು, ಹಿಲೇಜ್ ತಮ್ಮ ಸಂಗಾತಿ ಮಿಕೆಟ್ ಜಿರೋಡಿ ಅವರೊಡನೆ ‘ಸಿಸ್ಟಮ್ 7’ ಎಂಬ ಕುಣಿತ ಸಂಗೀತದ ಗುಂಪನ್ನೇ ಕಟ್ಟಿದರು.

ಸ್ಕಾಟ್ಲೆಂಡಿನ ಅಬರ್ಡೀನಿನ ದಿ ಶಾಮೆನ್ ತಂಡದ ಕಥೆಯಲ್ಲಿ ದುಃಖವಿದೆ. ಸೈಕೆಡೆಲಿಕ್ ರಾಕ್‌ನಿಂದ ಹೊರಟು ಯಂತ್ರಸಂಗೀತಕ್ಕೆ ಬಂದ ಇವರು 1990ರ ‘ಪ್ರೊಜೆನ್’ ಹಾಡನ್ನು ಮರುವರ್ಷ ‘ಮೂವ್ ಎನಿ ಮೌಂಟನ್’ ಎಂದು ಮರುರೂಪಿಸಿದರು. ಅದರ ಚಿತ್ರೀಕರಣಕ್ಕೆಂದು ಕೆನರಿ ದ್ವೀಪಗಳಿಗೆ ಹೋಗಿದ್ದಾಗ, 1991ರ ಮೇ 23ರಂದು, ತಂಡದ ವಿಲ್ ಸಿನ್ನಾಟ್ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 4ನೆಯ ಸ್ಥಾನ ತಲುಪಿದಾಗ ಅವರಿರಲಿಲ್ಲ.

ಇನ್ನೊಬ್ಬರ ದಾರಿ ನಮ್ಮ ನೆರೆಗೇ ಬರುತ್ತದೆ. ನಾಟಿಂಗ್ ಹಿಲ್ಲಿನಲ್ಲೇ 1969ರಲ್ಲಿ ಹುಟ್ಟಿದ ಕ್ವಿಂಟೆಸೆನ್ಸ್ ಎಂಬ ತಂಡದಲ್ಲಿ ರಾಜಾ ರಾಮ್ ಎಂದು ಹೆಸರಿಟ್ಟುಕೊಂಡ ಆಸ್ಟ್ರೇಲಿಯದ ಕೊಳಲುವಾದಕರಿದ್ದರು. ಹಿಂದೂ ದೇವತೆಗಳ ನಾಮಗಳನ್ನು ರಾಕ್ ತಾಳಕ್ಕೆ ಹಾಡುತ್ತಿದ್ದ ತಂಡವದು. ಮುಂದೆ ನಮ್ಮ ಕಾರವಾರದಾಚೆಯ ಗೋವಾದ ಅಂಜುನಾ ಕಡಲತೀರದಲ್ಲಿ ವಿದೇಶಿ ಪ್ರವಾಸಿಗಳ ನಡುವೆ ‘ಗೋವಾ ಟ್ರಾನ್ಸ್’ ಎಂಬ ಕುಣಿತ ಸಂಗೀತ ರೂಪುಗೊಂಡಾಗ, ಅದರ ಮುಖ್ಯ ಧ್ವನಿಮುದ್ರಣ ಸಂಸ್ಥೆಗಳಲ್ಲೊಂದಾದ ‘ಟಿಪ್’ ಅನ್ನು 1994ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದವರಲ್ಲಿ ಇದೇ ರಾಜಾ ರಾಮ್ ಒಬ್ಬರು.

ಕ್ಯಾಸಲ್‌ಮಾರ್ಟನ್ ಸಿಟ್ಟಿನ ಫಲ 1994ರ ಕಾನೂನು. ರಾತ್ರಿ ಬಯಲಿನಲ್ಲಿ ನೂರಕ್ಕೂ ಹೆಚ್ಚು ಜನ ಸೇರಿ ಜೋರು ಸಂಗೀತ ಹಾಕಿದರೆ ಚದುರಿಸುವ ಅಧಿಕಾರ ಪೊಲೀಸರಿಗೆ ಬಂತು. ಒಂದೇ ಸಮನೆ ಮರುಕಳಿಸುವ ಹೊಡೆತಗಳನ್ನು ಸಂಗೀತದ ವ್ಯಾಖ್ಯೆಯೊಳಗೆ ಕಾನೂನೇ ಹೆಸರಿಸಿ ಸೇರಿಸಿತು. ಆಟೆಕರ್ ಎಂಬ ಜೋಡಿ ಸಂಗೀತಗಾರರು, ಯಾವ ಆವರ್ತವೂ ಇನ್ನೊಂದರಂತಿಲ್ಲದ ಒಂದು ಕೃತಿ ರಚಿಸಿ ಕಾನೂನನ್ನು ಅಣಕಿಸಿದರು. ಆದರೆ ಉಚಿತ ಉತ್ಸವಗಳ ಬಯಲು ಬಹುಮಟ್ಟಿಗೆ ಖಾಲಿಯಾಯಿತು. ಹಾಕ್‌ವಿಂಡ್ ಹಾಡುಗಳ ಹೊಸ ಅವತಾರಗಳು ಹುಟ್ಟಿದ ಜಾಗ ಹೋಗುತ್ತಿದ್ದಂತೆ ಆ ಪ್ರಯೋಗದ ಹುರುಪೂ ತಗ್ಗಿತು.

‘ಸ್ಪಿರಿಟ್ ಆಫ್ ದಿ ಏಜ್’ಗೆ ಮಾತ್ರ ಬಿಡುವಿಲ್ಲ. 2005ರಲ್ಲಿ ಟೆಲಿವಿಷನ್ ನಿರೂಪಕ ಮ್ಯಾಥ್ಯೂ ರೈಟ್ ಕಂಠದಲ್ಲಿ ತಂಡ ಅದನ್ನು ಮತ್ತೆ ಮುದ್ರಿಸಿತು. 2018ರಲ್ಲಿ ‘ರೋಡ್ ಟು ಯುಟೋಪಿಯಾ’ ತಟ್ಟೆಗೆ ಹಳೆಯ ಹಾಡುಗಳನ್ನು ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿ, ಮೈಕ್ ಬ್ಯಾಟ್ ಅವರಿಂದ ವಾದ್ಯವೃಂದಕ್ಕೆ ಅಳವಡಿಸಿದರು. ಪಿಟೀಲುಗಳ ನಡುವೆ ಆ ಓಟ ಏದುಸಿರು ಬಿಡುತ್ತದೆ.

ಕೇಳಬಯಸುವವರು ಮೊದಲು 1977ರ ಮೂಲವನ್ನು ಮಾತಿನ ಮೇಲೆ ಗಮನವಿಟ್ಟು ಕೇಳಿ, ಆಮೇಲೆ 1993ರ ಆವೃತ್ತಿಗೆ ಹೋಗುವುದು ಮೇಲು. ಬಾಸ್ ಚೆನ್ನಾಗಿ ಕೇಳಿಸುವ ಸ್ಪೀಕರ್ ಇರಲಿ, ಅಕ್ಕಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿರಿ.